ಯಾರೂ ಉಣ್ಣದ ಯುದ್ಧ

ಕೊಣನೂರು
೧೩ ಜನವರಿ ೨೦೨೫

ಮುದ್ದು ಮಗಳು ಭಾನುಪ್ರಿಯಾಗೆ,

ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ. ಪೂರ್ತಿ ಓದಿ, ಆಮೇಲೆ ಸಿಟ್ಟು ಮಾಡಿಕೊ.

ನಿನ್ನೆ ಹಾಸನದಲ್ಲಿ ಮಾಜಿ ಸೈನಿಕರ ಸಂಘದವರು ಒಂದು ಹಳೇ ಸಿನಿಮಾ ತೋರಿಸಿದರು, ನಿಮ್ಮಪ್ಪನ ಜೊತೆ ನಾನೂ ಹೋಗಿದ್ದೆ. ಯಾವುದೋ ದೇಶದ ದೊಡ್ಡ ಸೇನಾಪತಿಯ ಜೀವನಚರಿತ್ರೆ. ಚೆನ್ನಾಗಿಲ್ಲ ಅನ್ನಲಾರೆ. ಟ್ಯಾಂಕುಗಳು ಬಂದಾಗ ನಾನು ಕುರ್ಚಿ ಬಿಗಿಯಾಗಿ ಹಿಡಿದು ಕೂತಿದ್ದೆ. ಆದರೆ ಮೂರು ಗಂಟೆಯಲ್ಲಿ ಒಬ್ಬ ಸಿಪಾಯಿಯೂ ಒಂದು ತುತ್ತು ತಿನ್ನಲಿಲ್ಲ ಕಣೇ. ಸೇನಾಪತಿಯ ಮುಂದೆ ಒಂದು ಸಲ ತಟ್ಟೆ ಬಂತು. ಅದನ್ನೂ ಪಕ್ಕಕ್ಕೆ ತಳ್ಳಿ ನಕ್ಷೆ ಹರಡಿಕೊಂಡ. ಬೂಟಿಗೆ ಮಾತ್ರ ದಿನಾ ಪಾಲಿಶು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಮುಗಿದ ಮೇಲೆ ಸಂಘದ ಕಾರ್ಯದರ್ಶಿ ಅಮರನಾಥ ಅವರು ಎಲ್ಲರ ಅಭಿಪ್ರಾಯ ಕೇಳಿದರು. ಶೌರ್ಯ, ಶಿಸ್ತು ಅಂತ ಹೊಗಳಿದ್ದೇ ಹೊಗಳಿದ್ದು. ನನ್ನ ಕೈಗೂ ಮೈಕು ಬಂತು. ಆ ತಟ್ಟೆ ತಳ್ಳಿದ್ದು ಇನ್ನೂ ಹೊಟ್ಟೆ ಉರಿಸುತ್ತಿತ್ತು. ಆ ತಟ್ಟೆಗೆ ಬಡಿಸಿದವನ ಮುಖ ಯಾಕೆ ತೋರಿಸಲಿಲ್ಲ, ನಮ್ಮೆಜಮಾನರು ಇಪ್ಪತ್ತೆರಡು ವರ್ಷ ಹಿಮದಲ್ಲಿ ನಿಂತು ಬೇಳೆ ಬೇಯಿಸಿದವರು ಅಂದುಬಿಟ್ಟೆ.

ಹೌದು ಮಗಳೇ. ನಿಮ್ಮಪ್ಪ ಫಿರಂಗಿ ದಳದಲ್ಲಿದ್ದದ್ದು ಅಡುಗೆಯವರಾಗಿ. ಫಿರಂಗಿ ಹಾರಿಸಿದವರಲ್ಲ. ಇದು ಊರಿಗೆ ಗೊತ್ತಿರಲಿಲ್ಲ, ನಿನಗೂ ಹೇಳಿರಲಿಲ್ಲ.

ನೀನು ಪಾಠ ಮಾಡುವ ಚನ್ನರಾಯಪಟ್ಟಣದ ಸ್ಕೂಲಿನ ಹೆಡ್‌ಮಾಸ್ಟರೂ ಸಂಘದ ಕರೆಯ ಮೇಲೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಇಪ್ಪತ್ತಾರಕ್ಕೆ ಸ್ಕೂಲಿಗೆ ಅತಿಥಿಯಾಗಿ ಬರುವ ನಮ್ಮಪ್ಪ ಫಿರಂಗಿ ಹಾರಿಸಿದವರು ಅಂತ ಅವರಿಗೆ ನೀನು ಹೇಳಿದ್ದೀಯಲ್ಲ. ನಿನ್ನ ಮರ್ಯಾದೆ, ನಿಮ್ಮಪ್ಪನ ಮಾನ ಎರಡನ್ನೂ ಕಳೆದೆ ಅಂತ ಮೈಕು ಕೆಳಗಿಟ್ಟು ಕೂತೆ.

ನಿಮ್ಮಪ್ಪ ನಿಧಾನಕ್ಕೆ ಎದ್ದರು. "ಇವ್ಳು ಯೋಳಿದ್ದು ದಿಟ ಕಣ್ರಪ್ಪ. ನಾನು ಬಂದೂಕ ಇಡ್ದಿದ್ದು ಕಮ್ಮಿ, ಸೌಟು ಇಡ್ದಿದ್ದೇ ಜಾಸ್ತಿ. ಆದ್ರೆ ಒಬ್ಬನ್ನೂವೆ ಅಸ್ಕೊಂಡು ಬೆಟ್ಟದ ಮೇಲಕ್ಕೆ ಕಳುಸ್ನಿಲ್ಲ."

ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬರು, ಅಷ್ಟು ಎತ್ತರದಲ್ಲಿ ಬೇಳೆ ಬೇಯೋಕೆ ಎಷ್ಟು ಹೊತ್ತು ಹಿಡೀತಿತ್ತು ಅಂತ ಕೇಳಿದರು. ಆಮೇಲೆ ನೋಡು, ಒಬ್ಬೊಬ್ಬರೂ ತಮ್ಮ ದಳದ ಅಡುಗೆಯವನ ಹೆಸರು ಹೇಳತೊಡಗಿದರು. ಮೂವತ್ತು ನಲವತ್ತು ವರ್ಷ ಹಿಂದಿನ ಹೆಸರುಗಳು, ಒಂದೂ ಮರೆತಿರಲಿಲ್ಲ. ಸಿನಿಮಾದ ಸೇನಾಪತಿಯ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ನನಗೆ ಅಷ್ಟು ಹೆಮ್ಮೆ ಮದುವೆಯ ದಿನವೂ ಆಗಿರಲಿಲ್ಲ.

ಎಲ್ಲರದೂ ಆದ ಮೇಲೇ ನಿಮ್ಮಪ್ಪ ಉಣ್ಣೋದು ನಿನಗೆ ಗೊತ್ತಲ್ಲ. ನಿನ್ನೆ ಮೊದಲು ಅವರಿಗೇ ಬಡಿಸಿದೆ. ಬೇಡ ಅನ್ನದೆ ಉಂಡರು.

ನಿಮ್ಮ ಸ್ಕೂಲಿಗೆ ಕರೆಯೋದು ಬಿಡೋದು ನಿನ್ನಿಷ್ಟ. ಕರೆದರೆ ಅಡುಗೆಯವರು ಅಂತಲೇ ಕರೆಯಬೇಕಂತೆ. ಮಕ್ಕಳು ಎಷ್ಟು ಜನ ಅಂತ ಬೆಳಗಿನಿಂದ ಎರಡು ಸಲ ಕೇಳಿದರು.

ನಿನ್ನ ಅಮ್ಮ,
ಲಕ್ಷ್ಮಿದೇವಮ್ಮ

ಮರೆತಿದ್ದೆ: ಫಿರಂಗಿಯ ಸುಳ್ಳು ನಿಮ್ಮಪ್ಪನದಲ್ಲ. ಮದುವೆಯಾದ ಹೊಸದರಲ್ಲಿ ಸಾಲಗಾಮೆಯ ತವರಿನಲ್ಲಿ ಅಕ್ಕಂದಿರ ಮುಂದೆ ಕೊಚ್ಚಿಕೊಂಡವಳು ನಾನು. ಮೂವತ್ತೊಂದು ವರ್ಷ ಅವರು ಬಾಯಿ ಬಿಡದೆ ನನ್ನ ಮಾತು ಉಳಿಸಿದರು. ಮರೆತಿದ್ದೆ ಅಂದೆನಲ್ಲ, ಅದೂ ಸುಳ್ಳೇ.