ತಾಯಂದಿರೂ ನೋಡಬಾರದ ಸಿನಿಮಾ

1957, ನವೆಂಬರ್ 12, ಮಂಗಳವಾರ

ಇವತ್ತೂ ಇಗರ್ಜಿಯ ಸಿನಿಮಾ ಸಮಿತಿಗೆ ಹೋಗಿ ಬಂದೆ. ಯಾವ ಚಿತ್ರ ಯಾರು ನೋಡಬಹುದೆಂದು ನಾವು ತೀರ್ಮಾನಿಸಿ, ಭಾನುವಾರದ ಪೂಜೆಗೆ ಮುಂಚೆ ಬಾಗಿಲಿಗೆ ಚೀಟಿ ಅಂಟಿಸಬೇಕು. ಸಮಿತಿಯಲ್ಲಿ ಒಬ್ಬ ತಾಯಿ ಇರಬೇಕೆಂಬ ನಿಯಮಕ್ಕಾಗಿ ನಾನು. ಜೂನಿನಲ್ಲಿ ನನ್ನ ಮಗ ಎಲಿಜಿಯೊ ತೀರಿಕೊಂಡ ಮೇಲೂ ನನ್ನನ್ನೇ ಕರೆಯುತ್ತಾರೆ.

ಇವತ್ತಿನ ಚಿತ್ರದಲ್ಲಿ ಮಗನನ್ನು ಮಣ್ಣು ಮಾಡುವಾಗ ತಾಯಿಯೊಬ್ಬಳು ಪಾದ್ರಿಯ ಕೈ ತಳ್ಳಿ ಹೊರಟುಬಿಡುತ್ತಾಳೆ. ಅಷ್ಟಕ್ಕೇ ಔಷಧದಂಗಡಿಯ ಬೊರ್ತೊಲೊ ಯಂತ್ರ ನಿಲ್ಲಿಸಿ ದೀಪ ಹಾಕಿಸಿದ.

"ಕ್ರೈಸ್ತ ತಾಯಿ ಎಲ್ಲಾದ್ರೂ ಹೀಗೆ ಮಾಡ್ತಾಳಾ ಸ್ವಾಮಿಗಳೇ? ಬರೀ ಸುಳ್ಳು!"

ನಮ್ಮ ಪಾದ್ರಿ ದೋನ್ ಫುಲ್ಜೆಂಜಿಯೊ ನನ್ನ ಕಡೆ ತಿರುಗಿದರು. "ನೀವು ಹೇಳಿ ಎರ್ಸೀಲಿಯಮ್ಮ, ನೀವು ತಾಯಿ ಅಲ್ವಾ."

ಎಲಿಜಿಯೊನ ಗುಂಡಿಯ ಪಕ್ಕ ಇದೇ ಸ್ವಾಮಿಗಳು ತೀರ್ಥ ಚಿಮುಕಿಸಲು ಕೊಟ್ಟ ಕುಂಚವನ್ನು ನಾನು ಕೆಸರಿಗೆ ಎಸೆದಿದ್ದೆ. ಬಗ್ಗಿ ಎತ್ತಿಕೊಂಡವನು ಇದೇ ಬೊರ್ತೊಲೊ.

"ಮಾಡ್ತಾಳೆ," ಅಂದೆ. "ನಾನು ಮಾಡಿದಾಗ ನೀವಿಬ್ರೂ ಅಲ್ಲೇ ನಿಂತಿದ್ರಿ."

ಬೊರ್ತೊಲೊ ಕನ್ನಡಕ ಒರೆಸಿಕೊಂಡ. "ಅದು ದುಃಖ, ಅಮ್ಮ. ಇದು ಸಿನಿಮಾ. ಜನ ನೋಡ್ತಾರೆ."

ಯಾರೂ ನೋಡಬಾರದು ಎಂದು ಬರೆದರು. ನಾನು ಸಹಿ ಹಾಕಲಿಲ್ಲ. ಇವರ ದೇವರಿಗೆ ಕೂಡ ಇಷ್ಟು ಹೆದರಿಕೆ ಇರಲಿಕ್ಕಿಲ್ಲ. ಪುಕ್ಕಲರು. ಅತ್ತರೂ ಇವರು ಹೇಳಿದಷ್ಟೇ ಅಳಬೇಕು.

ಮನೆಗೆ ಬಂದಾಗಿನಿಂದ ಒಂದೇ ಯೋಚನೆ. ಚಿತ್ರದ ಆ ತಾಯಿ, ಮಗನನ್ನು ಹೂತು ಬಂದವಳು, ಮರುದಿನ ಬೆಳಿಗ್ಗೆ ಎದ್ದು ಒಲೆ ಹೇಗೆ ಹಚ್ಚಿದಳು? ನಾನು ನೋಡಬೇಕಿದ್ದದ್ದು ಅಷ್ಟೇ.