ಆರ್ಲೆನ್‌ನ ಬರಿಗೈ

ಫೆಬ್ರವರಿ 8, ಗುರುವಾರ

ಮತ್ತೆ ಹಿಮ. ಮಿಲ್ವಾಕೀ ರಸ್ತೆ ಮುಚ್ಚಿದೆಯಂತೆ. ಆದರೂ ಗೆಳೆಯ ಆರ್ಲೆನ್‌ನ ನೆಲಮಾಳಿಗೆಯಲ್ಲಿ ಆಟ: ಒಬ್ಬೊಬ್ಬರಿಗೆ ಒಂದೊಂದು ಪಾತ್ರ, ಮುಂದೇನೆಂದು ದಾಳ ಹೇಳುತ್ತದೆ. ಕಥೆ ನಡೆಸುವವನು, ಶತ್ರುಗಳನ್ನು ಆಡಿಸುವವನು ಅವನು. ನಾನು ಮಂತ್ರವಾದಿ. ಟ್ರೂಡಿ ಅತ್ತಿಗೆ, ಕೊಡಲಿ ಹಿಡಿದ ಕುಳ್ಳ. ಕುಳ್ಳ ನಮ್ಮಣ್ಣ ಡ್ವೇನ್ ಕಟ್ಟಿದ ಪಾತ್ರ. ಅಣ್ಣ ತೀರಿಹೋದ ಮೇಲೆ ಅತ್ತಿಗೆ ಆಡಿಸುತ್ತಾಳೆ. ಅವಳು ಮನೆಯಿಂದ ಹೊರಗೆ ಬರುವುದು ಇದೊಂದಕ್ಕೇ.

ಶತ್ರು ಮಂತ್ರ ಹಾಕಿದಾಗ ಆರ್ಲೆನ್ ಅದರ ಹೆಸರು ಹೇಳುವುದಿಲ್ಲ. ಬೆರಳು ಮಡಚಿದ, ಏನೋ ಗೊಣಗಿದ — ಅಷ್ಟೇ. ಮಂತ್ರವಾದಿ ಅದನ್ನು ಗುರುತಿಸಬಹುದು, ಇಲ್ಲವೇ ಮುರಿಯಬಹುದು; ಯಾವ ಮಂತ್ರವೆಂದು ಗುರುತಿಸಲು ಹೋದರೆ ಮುರಿಯಲು ಹೊತ್ತಿಲ್ಲ. ಮುರಿಯುವುದೂ ದಿನಕ್ಕೆ ಒಂದೇ ಸಲ.

ನನ್ನದು ಬೇರೆ ದಾರಿ. ಆರ್ಲೆನ್‌ನ ಕೈ ನೋಡುತ್ತೇನೆ. ದಾಳ ಎಷ್ಟೋ ಪೆಟ್ಟು ಅಷ್ಟು; ಹಿಡಿ ತುಂಬ ಎತ್ತಿಕೊಂಡರೆ ಬೆಂಕಿ. ಒಂದೆರಡಾದರೆ ಬರೀ ಕೀಟಲೆ, ಬಿಟ್ಟುಬಿಡಬಹುದು. ಇವತ್ತು ಹಿಡಿ ತುಂಬಿತ್ತು. ಮುರಿದೆ.

"ಹೆಂಗೋ ಗೊತ್ತಾಯ್ತು ನಿಂಗೆ?" ಎಂದ ಆರ್ಲೆನ್.

"ವಿದ್ಯೆ ಕಣೋ."

"ಥೇಟ್ ನಿಮ್ಮಣ್ಣನ ಬಡಾಯಿ," ಎಂದು ಅತ್ತಿಗೆ ನಕ್ಕಳು.

ಫೆಬ್ರವರಿ 15, ಗುರುವಾರ

ಸೇತುವೆ ಮೇಲೆ ಮುದಿ ಮಾಟಗಾತಿ.

"ಅಜ್ಜಿ ಕುಳ್ಳನ್ನ ನೋಡಿದ್ಲು. ಒಂದೇ ಒಂದು ಮಾತು ಅಂದ್ಲು," ಎಂದ ಆರ್ಲೆನ್. ಅವನ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಖಾಲಿ. ದಾಳ ಮುಟ್ಟಲೇ ಇಲ್ಲ. "ಗುರುತಿಸ್ತೀಯೋ, ಮುರೀತೀಯೋ?"

"ಎರಡೂ ಬೇಡ. ಅಂದ್ಕೊಳ್ಲಿ ಬಿಡು."

ಅವನು ಲೋಟ ಕೆಳಗಿಟ್ಟ. "ಕರ್ಟ್, ಇನ್ನೊಂದ್ಸಲ ಕೇಳ್ತಿದೀನಿ."

"ಬಿಡು ಅಂದ್ನಲ್ಲ ಮಾರಾಯ."

ಅದು ಸಾವಿನ ಮಾತು. ಕೇಳಿದ ಕುಳ್ಳ ಸತ್ತ, ಅಷ್ಟೇ. ಅದಕ್ಕೆ ದಾಳ ಉರುಳಿಸಬೇಕಾಗಿಯೇ ಇಲ್ಲ. ಗೊತ್ತಿತ್ತು ನನಗೆ... ಹೊಳೆಯಲಿಲ್ಲ.

ಆರ್ಲೆನ್ ಮುಖ ಸಣ್ಣದಾಯಿತು. "ಆ ಮಾತು ವಾಪಸ್ ತಗೊಳ್ಲಾ ಟ್ರೂಡಿ?"

"ಬೇಡ. ಡ್ವೇನ್ ಇದ್ದಿದ್ರೆ ಒಪ್ತಿರ್ಲಿಲ್ಲ. ಸತ್ತ ಅಂದ್ರೆ ಸತ್ತ."

ಕೋಟು ಹಾಕಿಕೊಂಡಳು. ಹೊರಟಳು.

ಫೆಬ್ರವರಿ 16

ಚರ್ಚಿನಲ್ಲಿ ಶುಕ್ರವಾರದ ಕರಿದ ಮೀನಿನ ಊಟ. ಅತ್ತಿಗೆ ಬರಲಿಲ್ಲ. ಮೀನು ಚೆನ್ನಾಗಿತ್ತು.

ಫೆಬ್ರವರಿ 22, ಗುರುವಾರ

ಆಟವಿಲ್ಲ. ಅತ್ತಿಗೆಗೆ ಫೋನ್ ಮಾಡಿದೆ.

"ನೀವಿಬ್ರೇ ಆಡ್ಕೊಳ್ರಪ್ಪ. ನಂಗಿನ್ನೇನು ಕೆಲ್ಸ ಅಲ್ಲಿ?"

ಬಾ ಎನ್ನಬೇಕಿತ್ತು. ಹಿಮ ಗೋರುವುದಿದೆ ಎಂದು ಫೋನ್ ಇಟ್ಟುಬಿಟ್ಟೆ.

ಮಾರ್ಚ್ 14, ಗುರುವಾರ

ಆರ್ಲೆನ್ ಸಾಸೇಜ್ ಸುಡುತ್ತಿದ್ದ. ಇಬ್ಬರೇ. ಟೇಬಲ್ ಮೇಲೆ ಏನೂ ಹರಡಿರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದು — ಅತ್ತಿಗೆ. ನನ್ನ ಪಕ್ಕ ಬಂದು ಕೂತಳು.

"ಆ ಮುದುಕಿ ಅಂದ್ಲಲ್ಲ, ಆ ಮಾತು. ಅದು ನಂಗೂ ಬೇಕು."

ಆರ್ಲೆನ್ ಇಕ್ಕಳ ಹಿಡಿದೇ ತಿರುಗಿದ. "ಅದೇನು ಅಂಗಡೀಲಿ ಸಿಗುತ್ತಾ? ಮಂತ್ರವಾದಿ ಆಗಿ ಮೊದಲ್ನೇ ಮೆಟ್ಲಿಂದ ಹತ್ಬೇಕು. ವರ್ಷಗಟ್ಲೆ ಹಿಡಿಯುತ್ತೆ ತಾಯಿ."

"ಹಿಡೀಲಿ. ಗುರುವಾರ ನಂಗೇನು ಬೇರೆ ಕೆಲ್ಸ ಇದೆಯಾ?" ನನ್ನ ಕಡೆ ತಿರುಗಿದಳು. "ಏನ್ ನೋಡ್ತಿದೀಯ? ಕಾಗ್ದ ಕೊಡು."

ಕೊಟ್ಟೆ. ಮೇಲೆ ತನ್ನ ಹೊಸ ಪಾತ್ರದ ಹೆಸರು ಬರೆದಳು. ಅಣ್ಣ ಇಡುವಂಥ ಹೆಸರಲ್ಲ. ಓದಿ ಆರ್ಲೆನ್ ಜೋರಾಗಿ ನಕ್ಕ, ಅವಳೂ ನಕ್ಕಳು, ನಾನು ದಾಳ ತಂದು ಅವಳ ಕೈಗಿಟ್ಟೆ.