ಕೆಡದ ಫೋನು

ಸಾಲೊ
ಮೇ ೨೦, ೨೦೨೩, ಶನಿವಾರ

ಪ್ರೀತಿಯ ಕೈಸು,

ಕ್ರಿಸ್‌ಮಸ್‌ಗೆ ನೀನು ಕಳಿಸಿದ ಕಾರ್ಡಿಗೆ ಮೇ ತಿಂಗಳಲ್ಲಿ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಬೈಯಬೇಕೋ ಬೈದುಕೋ. ಫೆಬ್ರವರಿಯಲ್ಲಿ ಒಮ್ಮೆ ಶುರುಮಾಡಿ ಎರಡು ಸಾಲು ಬರೆದು ಹರಿದೆ. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹಾಗೇ ಆಯಿತು. ಊರಿನವರ ಫೋನನ್ನೆಲ್ಲ ಬಿಚ್ಚಿ ಕೂಡಿಸುವವಳು ತಂಗಿಗೆ ಮಾತ್ರ ಅಂಚೆಯಲ್ಲಿ ಕಾಗದ ಹಾಕುತ್ತಾಳಲ್ಲ ಎಂದು ನಿನ್ನ ಗಂಡ ಬೆಂಗ್ಟ್ ನಗಬಹುದು. ನಗಲಿ. ಫೋನಿನಲ್ಲಾದರೆ ನೀನು ‘ಹೂಂ’ ಅನ್ನುವ ಹೊತ್ತಿಗೆ ನನ್ನ ಧೈರ್ಯ ಹೋಗಿಬಿಡುತ್ತದೆ.

ಮೊದಲು ನಿಮ್ಮ ಸುದ್ದಿ. ಬೆಂಗ್ಟ್‌ನ ಮಂಡಿ ಹೇಗಿದೆ? ಮೆಟ್ಟಿಲು ಹತ್ತುತ್ತಾನೆಯೇ? ನಿನ್ನ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಸುಡುತ್ತದೆ, ಫ್ಯಾನು ವಿಮಾನದಂತೆ ಕೂಗುತ್ತದೆ ಎಂದು ಕಾರ್ಡಿನ ಮೂಲೆಯಲ್ಲಿ ಬರೆದಿದ್ದೆಯಲ್ಲ. ನೀನು ಅದನ್ನು ಹಾಸಿಗೆಯ ಮೇಲಿಟ್ಟುಕೊಂಡು ಬಳಸುತ್ತೀಯ, ನನಗೆ ಗೊತ್ತಿಲ್ಲವೇ? ಹೊದಿಕೆಯ ನೂಲೆಳೆಯನ್ನೆಲ್ಲ ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಳಗೆ ಒಂದು ಮರದ ಹಲಗೆ ಕೊಡು. ಹಿಂಬದಿಯ ಕಿಂಡಿಗೆ ಒಣ ಬ್ರಷ್ ಆಡಿಸು. ಬಾಯಲ್ಲಿ ಊದಬೇಡ, ತೇವ ಒಳಗೆ ಹೋಗುತ್ತದೆ. ಇಷ್ಟಕ್ಕೆಲ್ಲ ಹೊಸದು ಕೊಳ್ಳಲು ಹೊರಡಬೇಡ.

ನನ್ನ ದಿನಚರಿ ನಿನಗೆ ಗೊತ್ತಿರುವುದೇ. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಫೋನು ಜೋಡಿಸಿದ ಕೈ ಸುಮ್ಮನಿರುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಅಮ್ಮನ ಕೇಕಿನ ತಟ್ಟೆ ಇದೆಯಲ್ಲ, ಹನ್ನೆರಡು ಕುಳಿಯದು, ಈಗ ಅದರಲ್ಲಿ ಸ್ಕ್ರೂಗಳು. ಯಾವ ಕುಳಿಯದು ಯಾವ ಮೂಲೆಗೆ ಎಂದು ಬರೆದಿಟ್ಟುಕೊಳ್ಳುತ್ತೇನೆ. ಗಾಜಿನ ಅಂಟು ಕರಗಿಸಲು ಕೂದಲು ಒಣಗಿಸುವ ಯಂತ್ರ. ಉಬ್ಬಿದ ಬ್ಯಾಟರಿ ಬಂದರೆ ಬಾಲ್ಕನಿಯ ಮರಳಿನ ಬಕೆಟ್ಟಿಗೆ. ಜನ ಬರುತ್ತಾರೆ, ಕಾಫಿ ಕುಡಿಯುತ್ತಾರೆ, ಬ್ರೆಡ್ಡೋ ಹೊಗೆಯಲ್ಲಿ ಸುಟ್ಟ ಮೀನೋ ತರುತ್ತಾರೆ. ಪರದೆ ಬೆಳಗಿದ ಕೂಡಲೇ ಎದ್ದು ಹೋಗುತ್ತಾರೆ. ಥ್ಯಾಂಕ್ಸ್ ಅನ್ನುವಾಗಲೂ ಅವರ ಕಣ್ಣು ಅದರ ಮೇಲೇ ಇರುತ್ತದೆ. ತಪ್ಪೇನಿಲ್ಲ, ಎಷ್ಟೋ ದಿನದಿಂದ ಬಾರದ ಸಂದೇಶಗಳೆಲ್ಲ ಒಟ್ಟಿಗೆ ಬಂದು ಬೀಳುತ್ತಿರುತ್ತವೆ. ನಾನು ಕಪ್ಪು ತೊಳೆಯುತ್ತೇನೆ. ಚಳಿಗಾಲದಲ್ಲಿ ಒಂದು ವಾರ ಯಾರೂ ಬರಲಿಲ್ಲ. ಆ ವಾರ ನಾನು ಗಟ್ಟಿಯಾಗಿ ಆಡಿದ ಮಾತು ಅಂಗಡಿಯಲ್ಲಿ ‘ಚೀಲ ಬೇಡ’ ಅಂದದ್ದೊಂದೇ.

ಪಕ್ಕದ ಮನೆಯ ತೈಸ್ತೊ ಮಾತ್ರ ಬೇರೆ. ನೀನು ಅವನನ್ನು ನೋಡಿಲ್ಲ. ಎಪ್ಪತ್ತನಾಲ್ಕು ವರ್ಷ, ಬಸ್ಸು ಓಡಿಸುತ್ತಿದ್ದವನು, ಹೆಂಡತಿ ತೀರಿಹೋಗಿ ಐದು ವರ್ಷವಾಯಿತು. ರಿಪೇರಿ ಇದ್ದರೂ ಇಲ್ಲದಿದ್ದರೂ ಮಂಗಳವಾರ ಬರುತ್ತಿದ್ದ. ಬಾಗಿಲಲ್ಲೇ ಶುರು: “ಏನ್ ಡಾಕ್ಟ್ರಮ್ಮಾ, ರೋಗಿಗಳು ಎಷ್ಟಿದಾರೆ ಇವತ್ತು? ಬದುಕೋ ಹಂಗಿದಾರಾ?” ನಾನು, “ನಿನಗಿಂತ ಚೆನ್ನಾಗಿದಾರೆ, ಬೂಟು ಬಿಚ್ಚು” ಅನ್ನುತ್ತಿದ್ದೆ. ಇಷ್ಟೇ ನಮ್ಮ ಮಾತು. ಆದರೂ ಸೋಮವಾರವೇ ನಾನು ಏಲಕ್ಕಿ ಬನ್ನು ಮಾಡಿಡುತ್ತಿದ್ದೆ.

ಜನವರಿಯ ಒಂದು ಮಂಗಳವಾರ ಅವನು ತಮಾಷೆ ಮಾಡಲಿಲ್ಲ. ಉಣ್ಣೆಯ ಕೈಗವಸಿನೊಳಗಿಂದ ಫೋನು ತೆಗೆದು ಮೇಜಿನ ಮೇಲಿಟ್ಟ.

“ಏನಾಗಿದೆ ಇದಕ್ಕೆ?” ಅಂದೆ.

“ಏನೂ ಆಗಿಲ್ಲ. ಆಗಿತ್ತು ಅಂತ ಬರ್ಕೊಡು.”

ಅವನ ಅಣ್ಣ ಉರ್ಹೊ ಕುವೊಪಿಯೊದಲ್ಲಿ ಹಿಂದಿನ ವಾರ ತೀರಿಕೊಂಡಿದ್ದ. ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷವಾಗಿತ್ತಂತೆ. ಅಪ್ಪ ತನ್ನ ಕೈಯಾರೆ ಕಟ್ಟಿದ್ದ ಕೆರೆದಂಡೆಯ ಸೌನಾವನ್ನು, ಆ ಹಬೆಸ್ನಾನದ ಮನೆಯನ್ನು, ಉರ್ಹೊ ಒಂದು ಮಾತೂ ಕೇಳದೆ ಕೆಡವಿಸಿದ್ದನಂತೆ. ಅದೇ ಸಿಟ್ಟು. ಆಸ್ಪತ್ರೆಯಿಂದ ಉರ್ಹೊ ಎರಡು ದಿನದಲ್ಲಿ ಏಳು ಸಲ ಫೋನು ಮಾಡಿದ್ದ. ತೈಸ್ತೊ ಅದು ಕೂಗುವುದನ್ನು ನೋಡುತ್ತಾ ಕೂತಿದ್ದ. ಆಮೇಲೆ ಅದನ್ನು ಮಗುಚಿ ಫ್ರಿಜ್ಜಿನ ಮೇಲಿಟ್ಟ. ಮೂರನೆಯ ದಿನ ಅಣ್ಣನ ಮಗಳು ಯಾನಾಳ ಸಂದೇಶ ಬಂತು, ಅಪ್ಪ ಹೋದರು ಎಂದು. ಫೋನು ಕೆಟ್ಟಿತ್ತು, ಈಗಷ್ಟೇ ಸರಿಹೋಯಿತು ಎಂದು ಅವಳಿಗೆ ಹೇಳಿಬಿಟ್ಟಿದ್ದ.

“ಸಾಯೋ ಹಂಗಿದಾನೆ ಅಂತ ನನಗೇನ್ ಗೊತ್ತು? ಮತ್ತೆ ಆ ಸೌನಾದ ವಿಷ್ಯ ಮಾತಾಡ್ತಾನೆ ಅಂದ್ಕೊಂಡೆ” ಅಂದ. ಫೋನನ್ನು ನನ್ನ ಕಡೆ ಸರಿಸಿ, “ಆ ಹುಡುಗಿ ನಂಬಿಲ್ಲ ಅನ್ಸುತ್ತೆ. ನೀನು ಬರೆದುಕೊಟ್ರೆ ನಂಬ್ತಾಳೆ” ಅಂದ.

ರಿಪೇರಿಗೆ ಬಂದದ್ದಕ್ಕೆಲ್ಲ ನಾನೊಂದು ಚೀಟಿ ಬರೆಯುತ್ತೇನೆ, ಯಾರದು, ಏನು ಕೆಟ್ಟಿತ್ತು, ಯಾವತ್ತು ತಂದರು ಎಂದು. ಅಂಥದೊಂದು ಚೀಟಿಯನ್ನು ಹಿಂದಿನ ವಾರದ ತಾರೀಖು ಹಾಕಿ ಬರೆದೆ: ಚಾರ್ಜಿಂಗ್ ಕಿಂಡಿ ಕೆಟ್ಟು ಒಂದು ವಾರದಿಂದ ಸತ್ತಿತ್ತು. ಬರೆದ ಮೇಲೆ ಮನಸ್ಸು ತಡೆಯದೆ ಆ ಕಿಂಡಿಯನ್ನು ಕಡ್ಡಿಯಿಂದ ನಿಜವಾಗಿಯೂ ಸ್ವಚ್ಛ ಮಾಡಿದೆ. ಕೈಗವಸಿನ ಉಣ್ಣೆಯ ಸಣ್ಣದೊಂದು ಉಂಡೆ ಹೊರಬಂತು. ತೈಸ್ತೊ ಅದನ್ನೇ ನೋಡಿದ. ಬನ್ನನ್ನು ಅವನು ಮುಟ್ಟಲೇ ಇಲ್ಲ.

ಮಾರ್ಚ್ ಕೊನೆಗೆ ಯಾನಾ ಬಂದಳು. ನಲವತ್ತೈದರ ಹೆಂಗಸು, ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ, ಅಗಲವಾದ ಗಟ್ಟಿ ಕೈಗಳು. ಅಪ್ಪನ ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿ ತಂದಿದ್ದಳು. ಹತ್ತು ನಿಮಿಷ ನಡೆದು ಆರಿಹೋಗುತ್ತದೆ, ಅಪ್ಪನ ಫೋಟೊಗಳೆಲ್ಲ ಅದರಲ್ಲಿವೆ, ಅಷ್ಟು ತೆಗೆದುಕೊಟ್ಟರೆ ಸಾಕು ಅಂದಳು. ತೈಸ್ತೊ ಅವಳನ್ನು ಕರೆತಂದು, ತಾನು ಬೂಟು ಬಿಚ್ಚದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತ.

ಕೆಳಗಿನ ಮುಚ್ಚಳ ತೆಗೆದೆ. ಫ್ಯಾನಿನ ಸುತ್ತ ದೂಳು ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ನಾಯಿಯ ಕೂದಲೂ ಇತ್ತು. “ಇದು ಪೆನ್ನಿಯದು, ಅಪ್ಪನ ನಾಯಿ” ಅಂದು ಯಾನಾ ಸ್ವಲ್ಪ ನಕ್ಕಳು. ಎಲ್ಲ ತೆಗೆದೆ, ಬಿಸಿ ಇಳಿಸಲು ಹಚ್ಚುವ ಪೇಸ್ಟು ಒಣಗಿ ಪುಡಿಯಾಗಿತ್ತು, ಅದನ್ನು ಒರೆಸಿ ಹೊಸದು ಹಚ್ಚಿದೆ. ಮುಚ್ಚಳ ಹಾಕಿ ಗುಂಡಿ ಒತ್ತಿದರೆ ಸದ್ದಿಲ್ಲದೆ ಎದ್ದಿತು. ಹನ್ನೊಂದು ಸಾವಿರ ಫೋಟೊ! ಅವನ್ನು ಬೇರೊಂದು ಡಿಸ್ಕಿಗೆ ಹಾಕಲು ಬಿಟ್ಟೆ. ಒಂದು ಗಂಟೆ ಹತ್ತು ನಿಮಿಷ ಎಂದು ತೋರಿಸಿತು.

ಕಾಫಿ ಬಗ್ಗಿಸುತ್ತಿದ್ದಾಗ ಅವಳು ಕೇಳಿದಳು: “ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಚಿಕ್ಕಪ್ಪನ ಫೋನು ನಿಜವಾಗ್ಲೂ ಕೆಟ್ಟಿತ್ತಾ?”

ತೈಸ್ತೊ ಅಲ್ಲೇ ಇದ್ದ. ನಾನು ಅವನ ಕಡೆ ನೋಡಲಿಲ್ಲ.

“ಕೆಟ್ಟಿತ್ತಮ್ಮಾ. ಚಾರ್ಜ್ ಹಾಕೋ ಕಡೆ ನೂಲು ಸೇರ್ಕೊಂಡು ತಂತಿ ಕಚ್ತಾನೇ ಇರ್ಲಿಲ್ಲ. ವಯಸ್ಸಾದೋರು ಪಿನ್ನು ಹಾಕಿದೀವಿ ಅಂದ್ಕೊಂಡು ಬಿಟ್ಬಿಡ್ತಾರೆ, ಅದು ಒಳಗೊಳಗೇ ಸತ್ತಿರುತ್ತೆ. ನಾನೇ ಕೈಯಾರೆ ತೆಗೆದಿದೀನಿ” ಅಂದೆ. ಹೇಳುತ್ತಾ ಸಕ್ಕರೆ ಎಷ್ಟು ಎಂದೂ ಕೇಳಿದೆ.

ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. “ಸದ್ಯ! ಅಪ್ಪ ‘ಎತ್ತಲ್ಲ ಅವ್ನು, ಅವನ ಸಿಟ್ಟು ಇಳಿದಿಲ್ಲ’ ಅಂತಾನೇ ಇದ್ರು. ಕೊನೇವರೆಗೂ ಅದೇ. ಫೋನು ಕೆಟ್ಟಿದೆ ಅಂತ ಯಾರಾದ್ರೂ ಒಂದ್ ಮಾತು ಹೇಳಿದ್ರೆ ಅಪ್ಪ ನೆಮ್ಮದಿಯಾಗಿ ಹೋಗ್ತಿದ್ರು” ಅಂದಳು. ಎದ್ದು ಹೋಗಿ ತೈಸ್ತೊನ ಕೈ ಹಿಡಿದುಕೊಂಡಳು. “ಕ್ಷಮಿಸಿ ಚಿಕ್ಕಪ್ಪ. ನಾನು ನಿಮ್ಮನ್ನ ಏನೇನೋ ಅಂದ್ಕೊಂಡ್‌ಬಿಟ್ಟಿದ್ದೆ.”

ಕೈಸು, ಅಷ್ಟು ದೊಡ್ಡ ಮನುಷ್ಯ ಆ ಕೈಯನ್ನು ತಡೆದುಕೊಳ್ಳಲಾರದೆ ಹೋದ. ಮೆಲ್ಲಗೆ ಬಿಡಿಸಿಕೊಂಡು, “ಯಾನಾ, ಫೋನು ಸರಿ ಇತ್ತು” ಅಂದ.

“ಏನು?”

“ಸರಿ ಇತ್ತು. ಕೂಗ್ತಿತ್ತು. ನಾನೇ ಎತ್ತಲಿಲ್ಲ.”

“ಎಷ್ಟು ಸಲ ನೋಡಿದ್ರಿ?”

“ಏಳೂ ಸಲ.”

ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಕೋಟನ್ನೂ ಹಾಕಿಕೊಳ್ಳದೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಹಿಮ ಕರಗಿ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಹೋಗಿಬಿಡುತ್ತಾಳೆ ಎಂದುಕೊಂಡೆ. ಆದರೆ ಫೋಟೊಗಳು ಇನ್ನೂ ಮುಗಿದಿರಲಿಲ್ಲವಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, ಲ್ಯಾಪ್‌ಟಾಪಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಳು. ಇನ್ನೂ ಐವತ್ತು ನಿಮಿಷ ಇತ್ತು. ಐವತ್ತು ನಿಮಿಷ ನಾವು ಮೂವರೂ ಅದೇ ಅಡುಗೆಮನೆಯಲ್ಲಿ ಆ ಹಸಿರು ಪಟ್ಟಿ ತುಂಬುವುದನ್ನೇ ನೋಡುತ್ತಾ ಕೂತಿದ್ದೆವು. ಎದ್ದುಹೋಗಲು ತೈಸ್ತೊಗೆ ಧೈರ್ಯವಾಗಲಿಲ್ಲ. ನನ್ನ ಮನೆ, ನಾನೆಲ್ಲಿಗೆ ಹೋಗಲಿ?

ಮುಗಿದ ಮೇಲೆ ಅವಳು ಲ್ಯಾಪ್‌ಟಾಪನ್ನು ಮತ್ತೆ ಟವಲಿನಲ್ಲಿ ಸುತ್ತಿದಳು. ತನ್ನ ಕಪ್ಪನ್ನು ತಾನೇ ತೊಳೆದಿಟ್ಟಳು. ಬಾಗಿಲಲ್ಲಿ ನಿಂತು ತೈಸ್ತೊಗೆ ಹೇಳಿದಳು: “ಹೆಪ್ಪುಗಟ್ಟಿದ ನೆಲ ಮೆತ್ತಗಾದ ಮೇಲೆ, ಮೇ ಇಪ್ಪತ್ತಕ್ಕೆ, ಅಪ್ಪನ ಬೂದಿ ಮಣ್ಣಿಗಿಡ್ತೀವಿ. ಬರೋದಾದ್ರೆ ಬನ್ನಿ. ಫೋನ್ ಮಾಡಿ ಕರೆಯೋದಿಲ್ಲ.” ನನ್ನ ಕಡೆ ತಿರುಗಿಯೂ ನೋಡದೆ ಮೆಟ್ಟಿಲಿಳಿದಳು.

ಅವಳ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ತೈಸ್ತೊ ಕಿಟಕಿಯಲ್ಲೇ ನಿಂತಿದ್ದ. ಆಮೇಲೆ ನನ್ನ ಕಡೆ ತಿರುಗಿದ. ಸಿಟ್ಟಿರಲಿಲ್ಲ ಅವನ ಮುಖದಲ್ಲಿ, ಒಂಥರಾ ಆಶ್ಚರ್ಯ.

“ನನಗೋಸ್ಕರ ಸುಳ್ಳು ಹೇಳ್ದೆ, ಆಯ್ತು. ನಾನೇ ಕೇಳಿದ್ದು. ಆದ್ರೆ ಎಷ್ಟು ಸಲೀಸಾಗಿ ಹೇಳ್ದೆ ಒರ್ವೊಕ್ಕಿ! ಕಣ್ಣೂ ಮಿಟುಕಿಸ್ಲಿಲ್ಲ. ನನಗೇ ಒಂದ್ ಗಳಿಗೆ, ಫೋನು ಕೆಟ್ಟೇ ಇತ್ತೇನೋ ಅನ್ಸಿಬಿಡ್ತು. ಎಲ್ಲಿ ಕಲಿತೆ ಇದನ್ನ?”

“ಬೂಟಿನ ಕೆಸರೆಲ್ಲ ನೆಲಕ್ಕಾಗಿದೆ ನೋಡು” ಅಂದೆ ನಾನು.

ಅದಾದ ಮೇಲೆ ಅವನು ಮಂಗಳವಾರ ಬರುವುದು ನಿಂತಿತು. ಎದುರು ಸಿಕ್ಕರೆ ಟೋಪಿ ಮುಟ್ಟಿ ಹೋಗುತ್ತಾನೆ. ಬನ್ನು ಮಾಡುವುದನ್ನು ನಾನೂ ಬಿಟ್ಟೆ, ಒಬ್ಬಳಿಗಾಗಿ ಯಾರು ಹಿಟ್ಟು ಕಲಸುತ್ತಾರೆ? ನಿನ್ನೆ ಬೆಳಿಗ್ಗೆ ಅವನು ಕಪ್ಪು ಕೋಟು ಹಾಕಿಕೊಂಡು, ಸಣ್ಣ ಪೆಟ್ಟಿಗೆ ಹಿಡಿದು ಸ್ಟೇಷನ್ನಿನ ಕಡೆ ಹೋದದ್ದನ್ನು ಕಿಟಕಿಯಿಂದ ನೋಡಿದೆ. ಈ ಹೊತ್ತಿಗೆ ಅವನು ಕುವೊಪಿಯೊದಲ್ಲಿ ಅಣ್ಣನ ಮಣ್ಣಿನ ಮುಂದೆ ನಿಂತಿರಬೇಕು. ಅವನ ಪಕ್ಕದಲ್ಲಿ ಯಾರಾದರೂ ನಿಂತರೋ ಇಲ್ಲವೋ. ಆದರೂ ಹೋದನಲ್ಲ. ಅವನು ಹೋದದ್ದು ನೋಡಿದ ಮೇಲೆಯೇ ನಾನು ಕಾಗದ ಪೆನ್ನು ಹುಡುಕಿದ್ದು.

ನೀವಿಬ್ಬರೂ ಆರೋಗ್ಯವಾಗಿರಿ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ, ನಿನಗೆ ಒಳ್ಳೆಯ ಬೇಸಿಗೆ ಬರಲಿ. ನೀನು ನನಗಿಂತ ಐದು ವರ್ಷಕ್ಕೆ ಸಣ್ಣವಳು. ತಲೆ ನೆರೆತಿದ್ದರೂ ನನ್ನ ಲೆಕ್ಕದಲ್ಲಿ ಮಗುವೇ. ನಿನ್ನ ತಲೆಯ ಮೇಲೆ ಕೈಯಿಟ್ಟು ಹರಸಿದ್ದೇನೆಂದು ತಿಳಿ.

ನಿನ್ನ ಅಕ್ಕ,
ಒರ್ವೊಕ್ಕಿ

ಮರೆತ ಮಾತು: ಮರೆತದ್ದಲ್ಲ, ಕೈಸು. ಇಷ್ಟುದ್ದ ಬರೆದದ್ದೇ ಇದನ್ನು ಮುಂದೂಡಲಿಕ್ಕೆ. ಒಂಬತ್ತು ವರ್ಷದ ಹಿಂದೆ ಅಮ್ಮ ಹೋದಾಗ, ನನ್ನ ಫೋನು ಸೌನಾದ ನೀರಿನ ಬಕೆಟ್ಟಿಗೆ ಬಿದ್ದಿತ್ತು, ಅದಕ್ಕೇ ನಿನಗೆ ತಿಳಿಸಲಾಗಲಿಲ್ಲ ಎಂದಿದ್ದೆ. “ಪಕ್ಕದ ಮನೆಯಿಂದ ಮಾಡ್ಬಹುದಿತ್ತಲ್ಲಕ್ಕಾ” ಎಂದು ನೀನು ಒಂದೇ ಒಂದು ಸಲ ಕೇಳಿದೆ. ಮತ್ತೆಂದೂ ಕೇಳಲಿಲ್ಲ. ಫೋನು ನೀರಿಗೆ ಬಿದ್ದಿರಲಿಲ್ಲ. ಹನ್ನೊಂದು ವರ್ಷ ಅಮ್ಮನನ್ನು ಮೀಯಿಸಿ, ಉಣ್ಣಿಸಿ, ಬಟ್ಟೆ ಬದಲಿಸಿದವಳು ನಾನು. ಅವಳ ಮುಖ ಅರಳುತ್ತಿದ್ದದ್ದು ಭಾನುವಾರ ನಿನ್ನ ಫೋನು ಬಂದಾಗ ಮಾತ್ರ. ಕೊನೆಯ ಮೂರು ದಿನವಾದರೂ ಅವಳು ನನ್ನೊಬ್ಬಳಿಗೇ ಇರಲಿ ಅನಿಸಿತು. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಅಮ್ಮ ನಿನ್ನ ಮೇಲೆ ಮುನಿಸಿಕೊಂಡು ಹೋಗಲಿಲ್ಲ, ಅದು ನಿನಗೆ ಗೊತ್ತಿರಬೇಕು. ಮೊದಲ ದಿನ ಅವಳು, “ಕೈಸುಗೆ ಫೋನ್ ಮಾಡೇ” ಅಂದಳು. ನಾನು ನಂಬರು ಒತ್ತದೆಯೇ ಫೋನನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತೆ, “ಎತ್ತುತ್ತಿಲ್ಲಮ್ಮ” ಅಂದೆ. “ಪಾಪ, ಕೆಲಸದಲ್ಲಿರ್ತಾಳೆ. ಬೈಬೇಡ ಕಣೇ ಅವಳಿಗೆ” ಅಂದಳು. ಎರಡನೆಯ ದಿನ ಮತ್ತೆ ಕೇಳಿದಳು. ನಾನು ಮತ್ತೆ ಹಾಗೇ ಮಾಡಿದೆ. ಮೂರನೆಯ ದಿನ ಅವಳು ಕೇಳಲಿಲ್ಲ.